ವಿಮಾನಯಾನ ಸಂಸ್ಥೆಗಳ ವಿಲೀನ ಮತ್ತು ಪೈಲಟ್‌ಗಳ ಜ್ಯೇಷ್ಠತೆ

ಪೈಲಟ್‌ಗಳ ಜ್ಯೇಷ್ಠತಾ ಪಟ್ಟಿ ಎಂದರೆ ಒಂದು ವಿಮಾನಯಾನ ಸಂಸ್ಥೆಯ ಪೈಲಟ್‌ಗಳ ಹೆಸರುಗಳನ್ನು ಸಾಮಾನ್ಯವಾಗಿ ಸೇವೆಗೆ ಸೇರಿದ ಕ್ರಮದಲ್ಲಿ ಜೋಡಿಸಿದ ಪಟ್ಟಿ. ಸಹ ಪೈಲಟ್ ಯಾವಾಗ ಕ್ಯಾಪ್ಟನ್ ಆಗುತ್ತಾರೆ, ದೊಡ್ಡ ವಿಮಾನದ ತರಬೇತಿ ಯಾರಿಗೆ ದೊರೆಯುತ್ತದೆ, ಸಂಸ್ಥೆಗೆ ನಷ್ಟವಾದಾಗ ಮೊದಲು ಯಾರನ್ನು ಮನೆಗೆ ಕಳುಹಿಸಲಾಗುತ್ತದೆ ಎಂಬ ನಿರ್ಧಾರಗಳಲ್ಲಿ ಈ ಪಟ್ಟಿಗೆ ದೊಡ್ಡ ಪಾತ್ರವಿದೆ. ಎರಡು ಸಂಸ್ಥೆಗಳು ವಿಲೀನಗೊಂಡಾಗ ಎರಡು ಪಟ್ಟಿಗಳನ್ನೂ ಒಂದಾಗಿಸಬೇಕಾಗುತ್ತದೆ. ಭಾರತದಲ್ಲಿ ಈ ಸಮಸ್ಯೆ ಅತ್ಯಂತ ತೀವ್ರವಾಗಿ ಕಂಡುಬಂದದ್ದು 2007ರ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ವಿಲೀನದಲ್ಲಿ.

ಪಟ್ಟಿಗಳನ್ನು ಸೇರಿಸುವ ವಿಧಾನಗಳು

ಎಲ್ಲರನ್ನೂ ನೇಮಕಾತಿಯ ದಿನಾಂಕದಂತೆ ಜೋಡಿಸುವುದು ಸರಳವಾದ ವಿಧಾನ. ಆದರೆ ಒಂದು ಸಂಸ್ಥೆ ಹಳೆಯದಾಗಿ ಇನ್ನೊಂದು ಹೊಸದಾಗಿದ್ದರೆ, ಹೊಸ ಸಂಸ್ಥೆಯ ಕ್ಯಾಪ್ಟನ್‌ಗಳು ಹಳೆಯ ಸಂಸ್ಥೆಯ ಸಹ ಪೈಲಟ್‌ಗಳಿಗಿಂತ ಕೆಳಗಿಳಿಯಬಹುದು. ಎರಡನೆಯದು ಅನುಪಾತದ ವಿಧಾನ. ಒಂದರಲ್ಲಿ 300, ಇನ್ನೊಂದರಲ್ಲಿ 100 ಪೈಲಟ್‌ಗಳಿದ್ದರೆ ಮೊದಲನೆಯ ಪಟ್ಟಿಯ ಮೂವರ ನಂತರ ಎರಡನೆಯ ಪಟ್ಟಿಯ ಒಬ್ಬರನ್ನು ಇರಿಸುತ್ತಾ ಹೋಗಲಾಗುತ್ತದೆ. ಇಲ್ಲಿ ಪ್ರತಿಯೊಬ್ಬರ ಸಾಪೇಕ್ಷ ಸ್ಥಾನ ಉಳಿಯುತ್ತದೆ, ಸೇವಾವಧಿಯ ಲೆಕ್ಕ ಉಳಿಯುವುದಿಲ್ಲ. ಖರೀದಿಯಾದ ಸಂಸ್ಥೆಯ ಪೈಲಟ್‌ಗಳನ್ನು ಪಟ್ಟಿಯ ತುದಿಗೆ ಸೇರಿಸಿಬಿಡುವುದು ಮೂರನೆಯ ಹಾಗೂ ಅತ್ಯಂತ ಕಠೋರವಾದ ವಿಧಾನ.

ಅಮೆರಿಕದಲ್ಲಿ ಈ ವಿವಾದಗಳಿಗೆ ದೀರ್ಘ ಇತಿಹಾಸವಿದೆ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯೂಎ ಸಂಸ್ಥೆಯನ್ನು ಕೊಂಡಾಗ ಟಿಡಬ್ಲ್ಯೂಎ ಪೈಲಟ್‌ಗಳಲ್ಲಿ ಬಹುಪಾಲು ಜನ ಪಟ್ಟಿಯ ಕೊನೆಗೆ ಸೇರಿದರು. ಅದೇ ವರ್ಷದ ಸೆಪ್ಟೆಂಬರ್ 11ರ ದಾಳಿಯ ನಂತರ ಉದ್ಯಮ ಕುಸಿದಾಗ ಅವರಲ್ಲಿ ಅನೇಕರು ಕೆಲಸದಿಂದ ಹೊರಗುಳಿಯಬೇಕಾಯಿತು. 2005ರ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ವಿಲೀನದಲ್ಲಿ ಪ್ರಶ್ನೆ ಇನ್ನಷ್ಟು ಜಟಿಲವಾಯಿತು. ಹಲವು ವರ್ಷ ಸೇವೆ ಸಲ್ಲಿಸಿ ತಾತ್ಕಾಲಿಕವಾಗಿ ಕೆಲಸವಿಲ್ಲದೆ ಕುಳಿತಿದ್ದ ಪೈಲಟ್ ಹಿರಿಯರೋ, ಇತ್ತೀಚೆಗೆ ಸೇರಿ ವಿಮಾನ ಹಾರಿಸುತ್ತಿದ್ದ ಪೈಲಟ್ ಹಿರಿಯರೋ? 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ಕೆಲಸದಲ್ಲಿದ್ದವರನ್ನು ಮೇಲಿರಿಸಿದರು. ಅದರ ಅಸಮಾಧಾನದಿಂದಲೇ ಯುಎಸ್ ಏರ್‌ವೇಸ್‌ನಲ್ಲಿ ಪೈಲಟ್‌ಗಳನ್ನು ಪ್ರತಿನಿಧಿಸುವ ಸಂಘ ಬದಲಾಯಿತು. ವಿಲೀನದಲ್ಲಿ ಜ್ಯೇಷ್ಠತೆಯನ್ನು ನ್ಯಾಯಯುತವಾಗಿ ಸಂಯೋಜಿಸಬೇಕೆಂಬ ಮೆಕ್ಯಾಸ್ಕಿಲ್–ಬಾಂಡ್ ಕಾನೂನು ಅಲ್ಲಿ ಜಾರಿಗೆ ಬಂದದ್ದೂ 2007ರಲ್ಲೇ.

ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್

ಎರಡೂ ಸರ್ಕಾರಿ ಸಂಸ್ಥೆಗಳು 2007ರಲ್ಲಿ ನ್ಯಾಷನಲ್ ಏವಿಯೇಷನ್ ಕಂಪನಿ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ ಒಂದಾದವು. 2010ರಲ್ಲಿ ಇದು ಏರ್ ಇಂಡಿಯಾ ಲಿಮಿಟೆಡ್ ಆಯಿತು. ಕಾಗದದ ಮೇಲೆ ಸಂಸ್ಥೆ ಒಂದಾದರೂ ಪೈಲಟ್‌ಗಳು ಎರಡಾಗಿಯೇ ಉಳಿದರು. ದೇಶೀಯ ಮಾರ್ಗಗಳಲ್ಲಿ ಮುಖ್ಯವಾಗಿ ಏರ್‌ಬಸ್ ಹಾರಿಸುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್‌ನಲ್ಲಿದ್ದರು. ಬೋಯಿಂಗ್ ವಿಮಾನಗಳಲ್ಲಿ ದೂರದ ದೇಶಗಳಿಗೆ ಹಾರುತ್ತಿದ್ದವರು ಇಂಡಿಯನ್ ಪೈಲಟ್ಸ್ ಗಿಲ್ಡ್‌ನಲ್ಲಿದ್ದರು. ಇವರ ವೇತನ, ಭತ್ಯೆ, ಬಡ್ತಿಗೆ ಕಾಯಬೇಕಾದ ಅವಧಿ ಎಲ್ಲವೂ ಬೇರೆ ಬೇರೆಯಾಗಿದ್ದವು.

ಸಮಾನ ವೇತನಕ್ಕೆ ಒತ್ತಾಯಿಸಿ ಮೊದಲ ಸಂಘವು 2011ರ ಏಪ್ರಿಲ್ ಕೊನೆಯಿಂದ ಮೇ ಆರಂಭದವರೆಗೆ ಸುಮಾರು ಹತ್ತು ದಿನ ಮುಷ್ಕರ ನಡೆಸಿತು. ವೇತನ ಮತ್ತು ಬಡ್ತಿಯ ಪ್ರಶ್ನೆಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಡಿ. ಎಂ. ಧರ್ಮಾಧಿಕಾರಿ ಸಮಿತಿಯು 2012ರ ಜನವರಿಯಲ್ಲಿ ವರದಿ ಸಲ್ಲಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಮುಷ್ಕರ ಹೂಡುವ ಸರದಿ ಗಿಲ್ಡ್‌ನದಾಯಿತು. ವಿಲೀನಕ್ಕೆ ಮುಂಚೆಯೇ ಏರ್ ಇಂಡಿಯಾ ಬೇಡಿಕೆ ಸಲ್ಲಿಸಿದ್ದ ಬೋಯಿಂಗ್ 787 ವಿಮಾನಗಳ ತರಬೇತಿಗೆ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳನ್ನೂ ಆಯ್ಕೆ ಮಾಡಿದ್ದು ಇದರ ಕಾರಣ. ತರಬೇತಿ ಎಂದರೆ ಮುಂದಿನ ಬಡ್ತಿಯ ದಾರಿ ಎಂಬುದನ್ನು ನೆನೆದರೆ ಮಾತ್ರ ಈ ಮುಷ್ಕರ 58 ದಿನಗಳವರೆಗೆ ಏಕೆ ಎಳೆಯಿತು ಎಂಬುದು ಅರ್ಥವಾಗುತ್ತದೆ. ನೂರರಷ್ಟು ಪೈಲಟ್‌ಗಳನ್ನು ವಜಾ ಮಾಡಲಾಯಿತು, ಗಿಲ್ಡ್ ಮಾನ್ಯತೆ ಕಳೆದುಕೊಂಡಿತು. ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ನೀಡಿದ ಭರವಸೆಯ ಬಳಿಕ ಜುಲೈನಲ್ಲಿ ಮುಷ್ಕರ ಕೊನೆಗೊಂಡಿತು.

ಕರ್ನಾಟಕದ ಸಂಸ್ಥೆಗಳು

ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಬೆಂಗಳೂರಿನಲ್ಲಿ ಕಟ್ಟಿದ ಏರ್ ಡೆಕ್ಕನ್ 2003ರಲ್ಲಿ ಹಾರಾಟ ಆರಂಭಿಸಿತು. 2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಅದರಲ್ಲಿ ಪಾಲು ಕೊಂಡಿತು, ಮರುವರ್ಷ ಅದು ಕಿಂಗ್‌ಫಿಷರ್ ಏರ್‌ಲೈನ್ಸ್‌ನೊಂದಿಗೆ ಬೆರೆಯಿತು. ಎರಡೂ ಕಡೆ ಎಟಿಆರ್ ಮತ್ತು ಏರ್‌ಬಸ್ ಎ320 ವಿಮಾನಗಳೇ ಇದ್ದುದರಿಂದ ಮೇಲ್ನೋಟಕ್ಕೆ ಇದು ಸುಲಭದ ಜೋಡಣೆ. ಆದರೆ 2012ರ ವೇಳೆಗೆ ಪೈಲಟ್‌ಗಳಿಗೆ ತಿಂಗಳುಗಟ್ಟಲೆ ವೇತನ ಬರಲಿಲ್ಲ, ಆ ಅಕ್ಟೋಬರ್‌ನಲ್ಲಿ ಸಂಸ್ಥೆಯ ಪರವಾನಗಿ ಅಮಾನತುಗೊಂಡಿತು. ಬಾಗಿಲು ಮುಚ್ಚಿದ ಸಂಸ್ಥೆಯ ಪಟ್ಟಿಯಲ್ಲಿ ಮೊದಲಿಗರಾಗಿದ್ದರೂ ಪ್ರಯೋಜನವಿಲ್ಲ: ಪೈಲಟ್‌ನ ಲೈಸೆನ್ಸ್ ಮತ್ತು ಹಾರಾಟದ ಗಂಟೆಗಳು ಬೇರೆ ಸಂಸ್ಥೆಗೆ ಜೊತೆಯಲ್ಲಿ ಬರುತ್ತವೆ, ಜ್ಯೇಷ್ಠತೆ ಬರುವುದಿಲ್ಲ.

ಬೆಂಗಳೂರು ಕೇಂದ್ರಿತ ಏರ್‌ಏಷ್ಯಾ ಇಂಡಿಯಾ, ಎಐಎಕ್ಸ್ ಕನೆಕ್ಟ್ ಎಂದು ಹೆಸರು ಬದಲಿಸಿ, 2024ರ ಅಕ್ಟೋಬರ್ 1ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ವಿಲೀನವಾಯಿತು. ಮೊದಲನೆಯದು ಏರ್‌ಬಸ್, ಎರಡನೆಯದು ಬೋಯಿಂಗ್ 737 ಹಾರಿಸುತ್ತಿತ್ತು. ಪೈಲಟ್‌ಗಳಿಗೆ ವಿಮಾನದ ಮಾದರಿಗೆ ಅನುಗುಣವಾಗಿ ಪ್ರತ್ಯೇಕ ಅರ್ಹತೆ ಬೇಕಾಗುವುದರಿಂದ ಇಂತಹ ಕಡೆ ಪಟ್ಟಿ ಒಂದಾದರೂ ಕಾಕ್‌ಪಿಟ್‌ಗಳು ಒಂದಾಗುವುದಿಲ್ಲ.

ವೇತನರಹಿತ ರಜೆ ಮತ್ತು ಕಾನೂನು

ಅಮೆರಿಕದ ಪದ್ಧತಿಯಲ್ಲಿ ಕೊನೆಗೆ ಸೇರಿದವರು ಮೊದಲು ಹೊರಹೋಗಿ, ಅದೇ ಜ್ಯೇಷ್ಠತಾ ಕ್ರಮದಲ್ಲಿ ಮರಳುತ್ತಾರೆ. ಭಾರತದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 25ಜಿ ಮತ್ತು 25ಎಚ್ ಕಲಮುಗಳಲ್ಲೂ ಇದೇ ತತ್ವವಿತ್ತು. ಸಂಸ್ಥೆ ಕೈ ಬದಲಾದಾಗ ಸೇವೆಗೆ ಭಂಗ ಬಾರದಂತೆ, ಷರತ್ತುಗಳು ಹದಗೆಡದಂತೆ ನೋಡಿಕೊಳ್ಳದಿದ್ದರೆ ಪರಿಹಾರ ಕೊಡಬೇಕೆಂದು 25ಎಫ್‌ಎಫ್ ಕಲಮು ಹೇಳುತ್ತಿತ್ತು. ಆದರೆ ಇವು ಅನ್ವಯವಾಗಲು ಪೈಲಟ್ ಕಾನೂನಿನ ಅರ್ಥದಲ್ಲಿ ‘ಕಾರ್ಮಿಕ’ ಎನಿಸಬೇಕು. ದೊಡ್ಡ ಸಂಬಳದ ಕ್ಯಾಪ್ಟನ್ ಕಾರ್ಮಿಕರೇ ಎಂಬ ವಾದ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಎದ್ದಿದೆ.

ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಏರ್ ಇಂಡಿಯಾ ತಂದ ಕಡ್ಡಾಯ ವೇತನರಹಿತ ರಜೆಯ ಯೋಜನೆ ಈ ತತ್ವವನ್ನು ಅನುಸರಿಸಲಿಲ್ಲ. ಆರು ತಿಂಗಳು ಅಥವಾ ಎರಡು ವರ್ಷ, ಅಗತ್ಯವಿದ್ದರೆ ಐದು ವರ್ಷದವರೆಗೆ ನೌಕರರನ್ನು ರಜೆಯ ಮೇಲೆ ಕಳುಹಿಸಲು ಅವಕಾಶವಿತ್ತು. ಆಯ್ಕೆಗೆ ಅರ್ಹತೆ, ದಕ್ಷತೆ, ಆರೋಗ್ಯ ಮುಂತಾದವು ಮಾನದಂಡಗಳಾಗಿದ್ದವು. ಅಂದರೆ ಹಿರಿತನ ಯಾರಿಗೂ ರಕ್ಷಣೆಯಾಗಿರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ, ರಾಜೀನಾಮೆ ಕೊಟ್ಟು ನಂತರ ಹಿಂಪಡೆದಿದ್ದ ಹಲವು ಪೈಲಟ್‌ಗಳ ಸೇವೆಯನ್ನು ಸಂಸ್ಥೆ ಕೊನೆಗೊಳಿಸಿತು. 2021ರ ಜೂನ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಆದೇಶಗಳನ್ನು ರದ್ದುಪಡಿಸಿ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಂತೆ ಸೂಚಿಸಿತು.