ಹಳೆಯ ಕೇಸು ಮತ್ತು ನರ್ಸ್ ನೋಂದಣಿ

ಮೂಡಿಗೆರೆ, ಕಳಸದ ಕಡೆ ತೋಟದ ಬೇಲಿ ಜಗಳ ಪೊಲೀಸ್ ಠಾಣೆಯವರೆಗೆ ಹೋಗುವುದು ಅಪರೂಪವೇನಲ್ಲ. ದೂರಿನಲ್ಲಿ ಮನೆಮಂದಿಯೆಲ್ಲರ ಹೆಸರು ಸೇರಿಬಿಡುತ್ತದೆ. ಆ ಮನೆಯ ಮಗಳು ನರ್ಸಿಂಗ್ ಓದಿದವಳಾದರೆ, ಎಷ್ಟೋ ವರ್ಷಗಳ ಮೇಲೆ ಸರ್ಕಾರಿ ನೇಮಕಾತಿಯ ಪೊಲೀಸ್ ಪರಿಶೀಲನೆಯಲ್ಲೋ ಗಲ್ಫ್‌ಗೆ ಹೊರಟಾಗಲೋ ಆ ಕೇಸು ಮತ್ತೆ ತಲೆ ಎತ್ತುತ್ತದೆ. ಎಲ್ಲ ಮುಗಿದೇ ಹೋಯಿತು ಎಂದು ಆಕೆ ಕಂಗೆಡುತ್ತಾಳೆ. ಹಾಗೆ ಕಂಗೆಡಬೇಕಿಲ್ಲ.

ನೋಂದಣಿ ಬೇರೆ, ನೌಕರಿ ಬೇರೆ. ನರ್ಸ್‌ಗಳ ಹೆಸರು ದಾಖಲಿಸುವುದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು; ಅದಕ್ಕೆ ಆಧಾರ 1961ರ ರಾಜ್ಯ ಕಾಯ್ದೆ. ದೇಶದ ಮಟ್ಟದಲ್ಲಿ 1947ರ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ಹೊಸ ಶುಶ್ರೂಷಾ ಆಯೋಗದ ಕಾಯ್ದೆ ಮಾಡಿದೆ. ಸರ್ಕಾರಿ ಆಸ್ಪತ್ರೆಯ ನರ್ಸ್‌ಗಾದರೆ ಇದರ ಜೊತೆಗೆ ನೌಕರರ ಶಿಸ್ತುಕ್ರಮದ 1957ರ ಸಿಸಿಎ ನಿಯಮಗಳೂ ಅನ್ವಯಿಸುತ್ತವೆ. ಹಳೆಯ ಕೇಸಿನ ಬಗ್ಗೆ ನೋಟಿಸ್ ಬಂದರೆ ಅದು ಪರಿಷತ್ತಿನದೋ ಇಲಾಖೆಯದೋ ಎಂದು ಮೊದಲು ನೋಡಿಕೊಳ್ಳಿ. ಉತ್ತರ ಅದರ ಮೇಲೆ ನಿಂತಿದೆ.

ಎಫ್‌ಐಆರ್ ಆದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ. ತಪ್ಪು ಸಾಬೀತಾದರೂ ನ್ಯಾಯಾಲಯ ಜೈಲಿಗೆ ಕಳಿಸದೆ, ಎಚ್ಚರಿಕೆ ಕೊಟ್ಟೋ ಸನ್ನಡತೆಯ ಬಾಂಡ್ ಬರೆಸಿಕೊಂಡೋ ಬಿಟ್ಟಿರಬಹುದು. ಹಾಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಬಿಡುಗಡೆಯಾದವರಿಗೆ ಅದರ 12ನೇ ಕಲಂ ದೊಡ್ಡ ಆಸರೆ: ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆ ಅವರಿಗೆ ತಟ್ಟುವುದಿಲ್ಲ. ಆದರೆ ಈ ಕಲಂ ಶಿಕ್ಷೆಯ ಕಳಂಕವನ್ನೇ ಅಳಿಸುವುದಿಲ್ಲ, ಆ ನಡತೆಯನ್ನು ಇಲಾಖೆ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. ಆದ್ದರಿಂದ ಬಿಡುಗಡೆಯ ಆದೇಶದ ದೃಢೀಕೃತ ಪ್ರತಿ ಕೈಯಲ್ಲಿರಬೇಕು, ಅದೊಂದೇ ಸಾಕು ಎಂಬ ಭರವಸೆ ಮಾತ್ರ ಬೇಡ. ಹದಿನೆಂಟು ತುಂಬುವ ಮೊದಲಿನ ಪ್ರಕರಣಕ್ಕೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಇಂಥದೇ ಆಸರೆ ಕೊಡುತ್ತದೆ. ಗಂಭೀರ ಅಪರಾಧಗಳ ವಿಚಾರದಲ್ಲಿ ಅದಕ್ಕೂ ಮಿತಿ ಉಂಟು.

ಹಳೆಯ ಕೇಸಿಗಿಂತ ಹೆಚ್ಚು ಕೆಡುಕು ಮಾಡುವುದು ಅದನ್ನು ಮುಚ್ಚಿಟ್ಟದ್ದು. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನು ಬಿಡಿಸಿ ಹೇಳಿತು. ಕೇಳಿದ ಮಾಹಿತಿಗೆ ನಿಜವನ್ನೇ ಬರೆಯಬೇಕು. ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳದೇ ಇದ್ದುದನ್ನು ಹೇಳಲಿಲ್ಲವೆಂದು ದೂರುವಂತಿಲ್ಲ. ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಬರೆಯದಿದ್ದರೂ ನೇಮಿಸುವವರು ಅದನ್ನು ಮನ್ನಿಸಬಹುದು. ನಿಜ ಬರೆದವರ ಹಿನ್ನೆಲೆಯನ್ನು ತೂಗಿ ನೋಡುವ ಹಕ್ಕೂ ಅವರಿಗೆ ಉಳಿದಿರುತ್ತದೆ.

ಎಲ್ಲ ಅಪರಾಧವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ವಾರ್ಡಿನಿಂದ ಮಾರ್ಫಿನ್ ಕದ್ದವರನ್ನು ರೋಗಿಯಿಂದ ದೂರ ಇಡಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಬೇಲಿ ಜಗಳದಲ್ಲಿ ದಂಡ ಕಟ್ಟಿದ ಹೆಣ್ಣುಮಗಳ ಕೈಯಿಂದ ಸಿರಿಂಜ್ ಕಿತ್ತುಕೊಂಡರೆ ಯಾವ ರೋಗಿಗೂ ಒಳಿತಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವ ಈ ಸೀಮೆಯಲ್ಲಿ ಅನುಭವವಿರುವ ಒಬ್ಬ ನರ್ಸ್ ಇಲ್ಲದಾಗುವುದು ಸಣ್ಣ ನಷ್ಟವಲ್ಲ.

ನೋಟಿಸ್ ಬಂದರೆ ಗಡುವಿನೊಳಗೆ ಲಿಖಿತ ಉತ್ತರ ಕೊಡಿ, ಖುದ್ದು ಹೇಳಿಕೊಳ್ಳಲು ಅವಕಾಶ ಕೇಳಿ. ತೀರ್ಪಿನ ಪ್ರತಿ, ಆಮೇಲಿನ ಸೇವೆಯ ದಾಖಲೆ, ಜೊತೆಗೆ ದುಡಿದ ವೈದ್ಯರ ಪತ್ರ ಲಗತ್ತಿಸಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಅದನ್ನು ಕೇಳಬೇಕಾದ ಜಾಗ ತಾಲ್ಲೂಕು ಕಾನೂನು ಸೇವಾ ಸಮಿತಿ, ಇಲ್ಲವೇ ಚಿಕ್ಕಮಗಳೂರಿನ ಜಿಲ್ಲಾ ಪ್ರಾಧಿಕಾರ.