ಶಿಕ್ಷೆ ತೀರಿದ ಮೇಲೆ

ಯಲಬುರ್ಗಾ ಕಡೆಯ ಎರೆಹೊಲವೊಂದರಲ್ಲಿ ಬದುವಿನ ವ್ಯಾಜ್ಯಕ್ಕಾಗಿ ಇಬ್ಬರು ಹೊಡೆದಾಡಿದರೆಂದು ಭಾವಿಸೋಣ. ಅವರಲ್ಲಿ ಒಬ್ಬನು ಇಪ್ಪತ್ತರ ತರುಣ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಜುಲ್ಮಾನೆ ತೆತ್ತು, ಸಂಜೆಯ ಬಸ್ಸಿಗೆ ಊರು ಸೇರುತ್ತಾನೆ. ಕೆಲವು ವರ್ಷಗಳ ತರುವಾಯ ನೌಕರಿಯ ಅರ್ಜಿಯೊಂದು ಅವನನ್ನು ಕೇಳುತ್ತದೆ: ಎಂದಾದರೂ ಶಿಕ್ಷೆಗೆ ಗುರಿಯಾಗಿರುವಿರಾ? ಆ ದಾಖಲೆ ಇನ್ನೂ ಉಳಿದಿದೆಯೆ?

ಉಳಿದಿದೆ ಎಂದೇ ಹೇಳಬೇಕಾಗಿದೆ. ಇಂಗ್ಲೆಂಡಿನಲ್ಲಿ 1974ರ ಶಾಸನದಂತೆ ಅನೇಕ ಶಿಕ್ಷೆಗಳು ನಿಯಮಿತ ಕಾಲ ಕಳೆದ ಬಳಿಕ ಸವೆದುವೆಂದು ಎಣಿಸಲ್ಪಡುತ್ತವೆ. ನಮ್ಮ ದೇಶದಲ್ಲಿ ಅಂತಹ ಸಾಮಾನ್ಯ ನಿಯಮವಿಲ್ಲ. ಆದರೂ ಕೆಲವು ಬಾಗಿಲುಗಳು ತೆರೆದಿವೆ. 18 ವರ್ಷ ತುಂಬದವರಿಗೆ 2015ರ ಬಾಲನ್ಯಾಯ ಕಾಯಿದೆಯು ಶಿಕ್ಷೆಯಿಂದೊದಗುವ ಅನರ್ಹತೆಯನ್ನು ತಪ್ಪಿಸಿ, ದಾಖಲೆಯನ್ನು ಕಾಲಾನಂತರ ನಾಶಪಡಿಸಲು ವಿಧಿಸಿದೆ. 16 ದಾಟಿದವರ ಘೋರ ಅಪರಾಧಗಳಿಗೆ ಮಾತ್ರ ಬೇರೆ ಕ್ರಮವುಂಟು. ವಯಸ್ಕರನ್ನು 1958ರ ಕಾಯಿದೆಯಂತೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಆಗಲೂ ಅನರ್ಹತೆ ಅಂಟದು. ಅಪರಾಧಿಯೆಂಬ ತೀರ್ಪು ಮಾತ್ರ ಅಳಿಯದು. ಸಣ್ಣ ಹೊಡೆದಾಟವಾದರೆ ಪೆಟ್ಟು ತಿಂದವನೊಡನೆ ನ್ಯಾಯಾಲಯದಲ್ಲಿ ರಾಜಿಯಾಗಬಹುದು. ಆ ರಾಜಿಗೆ ಬಿಡುಗಡೆಯ ತೀರ್ಪಿನ ಫಲವೇ ಉಂಟು. ನಮ್ಮ ತರುಣನು ಜುಲ್ಮಾನೆ ತೆರುವ ಮುನ್ನ ವಕೀಲರನ್ನು ಕೇಳಬೇಕಾಗಿದ್ದುದು ಇದನ್ನೇ.

ಇನ್ನು ಅರ್ಜಿಯ ಮಾತು. ಅಲ್ಲಿ ಮುಚ್ಚಿಡುವುದು ಎರಡನೆಯ ತಪ್ಪು. ಸತ್ಯವನ್ನು ಬರೆದವನ ಅಪರಾಧವು ಅಲ್ಪವಾಗಿದ್ದರೆ ಅವನನ್ನು ನೇಮಿಸಿಕೊಳ್ಳುವ ವಿವೇಚನೆ ಅಧಿಕಾರಿಗಳಿಗಿದೆಯೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವತಾರ ಸಿಂಗ್ ಮೊಕದ್ದಮೆಯಲ್ಲಿ ತಿಳಿಸಿತು.

ದಾಖಲೆಗೆ ಕೊನೆಯೇ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ದೂರದ ನಿದರ್ಶನ ಬೇಡ. ಕೊಪ್ಪಳದಿಂದ ಗದಗಿನ ಮೇಲೆ ಹೋಗುವ ರೈಲು ಹುಬ್ಬಳ್ಳಿಯನ್ನು ಮುಟ್ಟುತ್ತದೆ. ಅಲ್ಲಿ ಸೆಟ್ಲಮೆಂಟ್ ಎಂಬ ಬಡಾವಣೆಯುಂಟು. 1871ರಲ್ಲಿ ಹುಟ್ಟಿ ಮುಂದೆ ದೇಶದಲ್ಲೆಲ್ಲ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಕುಲಗಳನ್ನೇ ಪಟ್ಟಿಗೆ ಸೇರಿಸಿ, ಇಂತಹ ವಸಾಹತುಗಳಲ್ಲಿ ಕಾವಲಿನಲ್ಲಿರಿಸಿತು. ಅಲ್ಲಿ ಮಗುವಿಗೆ ಹುಟ್ಟೇ ದಾಖಲೆಯಾಗಿತ್ತು. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಆದರೆ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಗಂಟಿಚೋರ್ ಎಂಬ ಹೆಸರು ಇಂದಿಗೂ ಇದೆ. ಕಳ್ಳನೆಂಬ ಮಾತು ಕುಲನಾಮವಾಗಿಯೇ ಉಳಿದುಬಿಟ್ಟಿತು. ಸೆರೆಮನೆಯ ದಫ್ತರಗಳಿಂದ ಜಾತಿಯ ಅಂಕಣವನ್ನು ತೆಗೆದುಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿದ್ದು 2024ರ ಅಕ್ಟೋಬರ್ 3ರಂದು.

ಶಾಸನವು ಶಿಕ್ಷೆಯ ಅವಧಿಯನ್ನು ಅಳೆದು ಕೊಡುತ್ತದೆ. ಅದು ತೀರಿದ ಮೇಲೆ ಆ ಮನುಷ್ಯನಿಗೆ ಮನೆ ಬಾಡಿಗೆಗೆ ಕೊಡುವವರೂ, ಕೆಲಸ ಕೊಡುವವರೂ, ಹೆಣ್ಣು ಕೊಡುವವರೂ ನಾವೇ. ಅಲ್ಲಿಂದಾಚೆಗಿನ ಅವಧಿಯನ್ನು ಅಳೆಯತಕ್ಕವರು ನಾವಾದುದರಿಂದ, ನಮ್ಮ ಅಳತೆಯಾದರೂ ನ್ಯಾಯವಾಗಿರಲಿ.