ಭಾವಿ ಶಿಕ್ಷಕರಿಗೆ ಬೇಕು ಹಿರಿಯರ ಆಸರೆ

ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಸಮೀಪಿಸಿತೆಂದರೆ ಪುಸ್ತಕದಂಗಡಿಗಳಲ್ಲಿ ಗೈಡುಗಳ ರಾಶಿ ಬೀಳುತ್ತದೆ, ಕೋಚಿಂಗ್ ಕೇಂದ್ರಗಳು ತುಂಬುತ್ತವೆ. ಆದರೆ ತಾನು ವಾರಗಟ್ಟಲೆ ಬೋಧನಾಭ್ಯಾಸ ನಡೆಸಿದ ಶಾಲೆಯ ಹಿರಿಯ ಶಿಕ್ಷಕರ ಬಳಿಗೆ ಬಿ.ಇಡಿ ವಿದ್ಯಾರ್ಥಿ ಮರಳಿ ಹೋಗುವುದು ವಿರಳ. ಪರೀಕ್ಷೆಯೇ ಬೇರೆ, ಪಾಠವೇ ಬೇರೆ ಎಂಬ ಈ ಭಾವನೆ ನಮ್ಮ ಶಿಕ್ಷಕ ತರಬೇತಿಯ ದೊಡ್ಡ ಕೊರತೆ ಎಂಬುದು ನನ್ನ ಅನಿಸಿಕೆ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2010ರ ಆಗಸ್ಟ್‌ನಲ್ಲಿ ಒಂದರಿಂದ ಎಂಟನೇ ತರಗತಿವರೆಗಿನ ಶಿಕ್ಷಕರಿಗೆ ಟಿಇಟಿಯನ್ನು ಕನಿಷ್ಠ ಅರ್ಹತೆಗಳಲ್ಲೊಂದಾಗಿ ಗೊತ್ತುಪಡಿಸಿತು. 150 ಬಹು ಆಯ್ಕೆಯ ಪ್ರಶ್ನೆಗಳು. ಉತ್ತೀರ್ಣರಾಗಲು ಶೇ 60 ಅಂಕ, ಮೀಸಲು ವರ್ಗಗಳಿಗೆ ರಿಯಾಯಿತಿ. ಪರಿಷತ್ತಿನ 2014ರ ನಿಯಮಾವಳಿ ಬಿ.ಇಡಿ ಅವಧಿಯನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಕನಿಷ್ಠ 20 ವಾರಗಳನ್ನು ಕ್ಷೇತ್ರಕಾರ್ಯ ಹಾಗೂ ಶಾಲಾ ಇಂಟರ್ನ್‌ಶಿಪ್‌ಗೆ ಮೀಸಲಿಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷಗಳೊಳಗೆ ಟಿಇಟಿ ಉತ್ತೀರ್ಣರಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರ್ಗದರ್ಶಿಯೇ ಪರೀಕ್ಷಾರ್ಥಿಯೂ ಆಗಬೇಕಾದ ಪ್ರಸಂಗ ಹೀಗೆ ಒದಗಿತು.

ಟಿಇಟಿಯಲ್ಲಿ ಮಕ್ಕಳ ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30 ಅಂಕಗಳಿವೆ. ಇದು ಬಾಯಿಪಾಠಕ್ಕೆ ದಕ್ಕುವ ವಿಷಯವಲ್ಲ. ಮಗುವೊಂದು 52ರಲ್ಲಿ 27 ಕಳೆದು 35 ಎಂದು ಬರೆದರೆ, ಅದು ಅಜಾಗರೂಕತೆಯಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವ ತನ್ನದೇ ನಿಯಮವೊಂದನ್ನು ಅದು ಪಾಲಿಸಿದೆ. ಹಿರಿಯ ಶಿಕ್ಷಕರೊಡನೆ ಕುಳಿತು ಹತ್ತು ನೋಟ್‌ಬುಕ್ ತಿರುವಿದ ವಿದ್ಯಾರ್ಥಿಗೆ ಇದು ಥಟ್ಟನೆ ಹೊಳೆಯುತ್ತದೆ. ಪಾಠಕ್ಕೆ ಮುನ್ನ ‘ಈ ಉದಾಹರಣೆಯೇ ಏಕೆ?’ ಎಂದು ಕೇಳುವುದು, ಪಾಠದ ವೇಳೆ ಹಿಂದೆ ಕುಳಿತು ಮಕ್ಕಳ ಪ್ರತಿಕ್ರಿಯೆಯನ್ನು ಬರೆದಿಡುವುದು, ಬಳಿಕ ಕಾಲು ಗಂಟೆ ಅದನ್ನು ಚರ್ಚಿಸುವುದು ಇಷ್ಟು ನಡೆದರೆ ತರಗತಿಯೇ ಪರೀಕ್ಷೆಯ ಸಿದ್ಧತೆಯಾದೀತು.

ನೆರವಿಗೂ ಒಂದು ಮಿತಿಯುಂಟು. ಅಮೆರಿಕದಲ್ಲಿ 2013ರಿಂದ ವ್ಯಾಪಕವಾಗಿ ಬಳಕೆಗೆ ಬಂದ ‘ಎಡ್‌ಟಿಪಿಎ’ ಮೌಲ್ಯಮಾಪನದಲ್ಲಿ ಅಭ್ಯರ್ಥಿಯು ಪಾಠಯೋಜನೆ, ಕತ್ತರಿಸದ ವಿಡಿಯೊ ತುಣುಕು ಮತ್ತು ಮಕ್ಕಳ ಕಲಿಕೆಯ ವಿಶ್ಲೇಷಣೆಯನ್ನು ಸಲ್ಲಿಸಬೇಕು. ಮಾರ್ಗದರ್ಶಿಗಳು ಮಾನದಂಡಗಳನ್ನು ವಿವರಿಸಬಹುದು, ಚಿಂತನೆಗೆ ಹಚ್ಚುವ ಪ್ರಶ್ನೆ ಕೇಳಬಹುದು. ಬರಹವನ್ನು ತಿದ್ದುವಂತಿಲ್ಲ, ಯಾವ ತುಣುಕು ಸಲ್ಲಿಸಬೇಕೆಂದು ಹೇಳುವಂತಿಲ್ಲ. ಶುಲ್ಕ, ಒತ್ತಡಗಳ ಟೀಕೆಗೆ ಗುರಿಯಾದ ಈ ಪದ್ಧತಿಯನ್ನು ನ್ಯೂಯಾರ್ಕ್ ರಾಜ್ಯ 2022ರಲ್ಲಿ ಕಡ್ಡಾಯದ ಪಟ್ಟಿಯಿಂದ ಕೈಬಿಟ್ಟಿತು. ಆದರೂ ಆ ಲಕ್ಷ್ಮಣರೇಖೆ ನಮಗೆ ಅನುಕರಣೀಯ. ಪಾಠ ಟಿಪ್ಪಣಿಯನ್ನು ತಾವೇ ಬರೆದುಕೊಡುವ ಔದಾರ್ಯ ವಿದ್ಯಾರ್ಥಿಗೆ ಉಪಕಾರವಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕೇಳುವುದು ಒಂದೇ: ಮಾರ್ಗದರ್ಶಿಯ ಸಮಯದ ಬೆಲೆಯನ್ನು ತೆರುವವರು ಯಾರು? ತನ್ನ ತರಗತಿ, ಬಿಸಿಯೂಟದ ಲೆಕ್ಕ, ಮೇಲಧಿಕಾರಿಗಳು ಕೇಳುವ ಮಾಹಿತಿಗಳ ನಡುವೆ ಆತನಿಗೆ ಬಿಡುವೆಲ್ಲಿ? ಖಾಲಿ ಹುದ್ದೆಗಳ ಜಾಗದಲ್ಲಿ ಪ್ರಶಿಕ್ಷಣಾರ್ಥಿಗಳನ್ನೇ ನಿಲ್ಲಿಸಿ, ಕೊನೆಯ ದಿನ ಅವರ ದಾಖಲೆಗಳಿಗೆ ಒಟ್ಟಾಗಿ ಸಹಿ ಹಾಕುವುದನ್ನು ಸೇವೆಯಲ್ಲಿದ್ದಾಗ ನಾನು ಕಂಡಿದ್ದೇನೆ. ವ್ಯವಸ್ಥೆ ಬೆಲೆ ಕಟ್ಟದ ಕೆಲಸ ಶಾಸ್ತ್ರಕ್ಕಷ್ಟೇ ನಡೆಯುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾರ್ಗದರ್ಶನಕ್ಕೆಂದೇ ರಾಷ್ಟ್ರೀಯ ಅಭಿಯಾನವೊಂದನ್ನು ಪ್ರಸ್ತಾಪಿಸಿದೆ. ಅದಕ್ಕೆ ಕಾಯದೆ, ಮಾರ್ಗದರ್ಶಿಗೆ ವಾರಕ್ಕೆ ಎರಡು ಪಿರಿಯಡ್ ಬಿಡುವು, ಸೇವಾ ದಾಖಲೆಯಲ್ಲಿ ಒಂದು ನಮೂದು, ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳಿರದ ಕಟ್ಟುಪಾಡು ಇಷ್ಟನ್ನು ಇಲಾಖೆ ಸುತ್ತೋಲೆಯೊಂದರಿಂದಲೇ ಆರಂಭಿಸಬಹುದು. ಪರೀಕ್ಷೆ ಪಾಸಾದರೂ ತರಗತಿಗೆ ಅಂಜುವ ಶಿಕ್ಷಕನಿಂದಾಗುವ ನಷ್ಟವನ್ನು ಕೊನೆಗೆ ಭರಿಸುವವರು ಮಕ್ಕಳೇ ಅಲ್ಲವೇ?